ಸೈನಿಕ ತರಬೇತಿಯ ಪಠ್ಯಕ್ರಮ ತಂತ್ರಾಂಶ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಾದ ಶ್ರೀ ರಾಜನಾಥ್ ಸಿಂಗ್ ಅವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಸೇನೆಯ ತರಬೇತಿ ಕೇಂದ್ರಗಳಲ್ಲಿ ಹಲವು ವರ್ಷ ಉಸ್ತಾದನಾಗಿದ್ದು, ಅಂದರೆ ಹೊಸಬರಿಗೆ ಪಾಠ ಹೇಳುವವನಾಗಿದ್ದು, ಸುಬೇದಾರನಾಗಿ ನಿವೃತ್ತನಾದವನು ನಾನು. ತಮಗೆ ಬರೆಯುವ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಅಲ್ಲಿಗೆ ಸಮೀಪದ ಸಾಂಬ್ರಾದ ವಾಯುಪಡೆ ತರಬೇತಿ ಶಾಲೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಸೇನೆಯ ಸರಬರಾಜು ದಳದ (ಎಎಸ್‌ಸಿ) ಕೇಂದ್ರ, ಇವೆಲ್ಲ ನಮ್ಮ ನೆಲದಲ್ಲೇ ಇವೆ. ಧಾರವಾಡ, ಹಾವೇರಿ, ಕೊಡಗಿನ ಮನೆಗಳಿಂದ ಮಕ್ಕಳು ಸೇನೆಗೆ ಹೋಗುತ್ತಲೇ ಇದ್ದಾರೆ. ಆ ಮನೆಯವರೂ ನಮ್ಮ ಸಂಸದರೂ ಇದನ್ನು ಓದಬೇಕು, ಓದಿ ಸದನದಲ್ಲಿ ಕೇಳಬೇಕು ಎಂಬುದು ನನ್ನ ಆಸೆ.

ವಿಷಯ ಇಷ್ಟು: ಸೈನಿಕ ತರಬೇತಿಯ ಪಠ್ಯಕ್ರಮವನ್ನು ರೂಪಿಸಿ, ತಿದ್ದಿ, ಕಾಪಾಡಿಕೊಂಡು ಬರುವ ಕೆಲಸಕ್ಕೆ ಎಲ್ಲ ಕೇಂದ್ರಗಳಿಗೂ ಸಾಮಾನ್ಯವಾದ ಒಂದು ತಂತ್ರಾಂಶ ಬೇಕು. ಪಾಠವನ್ನು ಪರದೆಯ ಮೇಲೆ ತೋರಿಸುವ ಇನ್ನೊಂದು ಪೋರ್ಟಲ್ ಬೇಕೆಂದು ನಾನು ಕೇಳುತ್ತಿಲ್ಲ. ಒಬ್ಬ ಸಿಪಾಯಿ ಯುದ್ಧಭೂಮಿಯಲ್ಲಿ ಮಾಡಬೇಕಾದ ಕೆಲಸ ಯಾವುದು, ಆ ಕೆಲಸವನ್ನು ಕಲಿಸುವ ಪಾಠ ಯಾವುದು, ಅವನು ಕಲಿತನೆಂದು ಖಚಿತಪಡಿಸುವ ಪರೀಕ್ಷೆ ಯಾವುದು, ಈ ಮೂರನ್ನೂ ಒಂದಕ್ಕೊಂದು ಕಟ್ಟಿಹಾಕಿ, ಒಂದು ಬದಲಾದಾಗ ಉಳಿದೆರಡು ಎಲ್ಲೆಲ್ಲಿ ಬದಲಾಗಬೇಕೆಂದು ತೋರಿಸುವ ವ್ಯವಸ್ಥೆ ಬೇಕು.

ರೈಫಲ್ಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಇನ್ಸಾಸ್ ಹೋಗಿ, ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಎಕೆ–203 ಬರುತ್ತಿದೆ. ಇನ್ಸಾಸಿನದು 5.56 ಮಿ.ಮೀ. ಗುಂಡು, 20 ಗುಂಡುಗಳ ಮ್ಯಾಗಝಿನ್, ಒಮ್ಮೆ ಒತ್ತಿದರೆ ಮೂರು ಗುಂಡು ಹಾರುವ ಬರ್ಸ್ಟ್; ಎಕೆ–203ರದು 7.62 ಮಿ.ಮೀ. ಗುಂಡು, 30ರ ಮ್ಯಾಗಝಿನ್, ಪೂರ್ಣ ಸ್ವಯಂಚಾಲಿತ ಹೊಡೆತ. ಹೊರಗಿನವರಿಗೆ ಇದು ಒಂದು ಬಂದೂಕಿನ ಬದಲು ಇನ್ನೊಂದು ಬಂದೂಕು, ಅಷ್ಟೆ. ಉಸ್ತಾದನಿಗಾದರೋ ಖೋಲ್ನಾ–ಜೋಡ್ನಾ (ಬಿಚ್ಚಿ ಜೋಡಿಸುವ) ಪಾಠದಿಂದ ಹಿಡಿದು ಮ್ಯಾಗಝಿನ್ ತುಂಬುವುದು, ಝೀರೋಯಿಂಗ್ (ಗುರಿ ಸರಿಹೊಂದಿಸುವುದು), ಗುಂಡು ಸಿಕ್ಕಿಕೊಂಡಾಗ ಬಿಡಿಸುವ ಕ್ರಮ, ಫೈರಿಂಗಿಗೆ ಕೊಡುವ ಗುಂಡುಗಳ ಲೆಕ್ಕ, ಸುರಕ್ಷತೆಯ ಆದೇಶಗಳು, ವಾರದ ಪರೀಕ್ಷೆಯ ಪ್ರಶ್ನೆಗಳವರೆಗೆ ಎಲ್ಲವನ್ನೂ ಮತ್ತೆ ನೋಡಬೇಕಾದ ಕೆಲಸ. ಇದನ್ನು ಪ್ರತಿ ಕೇಂದ್ರವೂ ತನ್ನ ತನ್ನ ವರ್ಡ್ ಫೈಲಿನಲ್ಲಿ, ತನ್ನ ಗುಮಾಸ್ತನ ನೆನಪಿನ ಮೇಲೆ ಮಾಡುತ್ತ ಹೋದರೆ ಏನಾದರೊಂದು ತಪ್ಪಿಹೋಗುವುದು ಖಂಡಿತ.

ತಪ್ಪಿದ್ದನ್ನು ನಾನೇ ಕಂಡಿದ್ದೇನೆ. ಹೆಸರು ಹೇಳಬಯಸದ ಒಂದು ಕೇಂದ್ರದಲ್ಲಿ ರೇಡಿಯೋ ಸೆಟ್ ಬದಲಾಗಿ, ಹಳೆಯದು ಉಗ್ರಾಣಕ್ಕೆ ವಾಪಸಾದ ಮೇಲೂ ಪ್ರೆಸಿ, ಅಂದರೆ ಪಾಠದ ಟಿಪ್ಪಣಿ, ಬದಲಾಗಿರಲಿಲ್ಲ. ಹೊಸ ಸೆಟ್ಟನ್ನು ಕೈಯಲ್ಲಿ ಹಿಡಿದು ಕಲಿತ ರಂಗರೂಟರು (ಹೊಸದಾಗಿ ಸೇರಿದವರು), ಕಣ್ಣಿನಿಂದ ನೋಡದ ಹಳೆಯ ಸೆಟ್ಟಿನ ಗುಂಡಿಗಳ ಹೆಸರನ್ನು ಬಾಯಿಪಾಠ ಮಾಡಿ ಲಿಖಿತ ಪರೀಕ್ಷೆ ಬರೆದರು, ಎಲ್ಲರೂ ಪಾಸಾದರು. ಆ ಪ್ರಶ್ನೆಪತ್ರಿಕೆಯನ್ನು ಹಂಚಿದವನು ನಾನೇ. ತಿದ್ದುಪಡಿ ಬಂದಿದೆಯೇ ಎಂದು ಕೇಳಲು ನನಗೂ ತೋಚಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಈ ವಿಚಾರ ಹೊಸದೇನಲ್ಲ. ಅಮೆರಿಕದ ಸೇನೆಯು 1975ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ನೆರವಿನಿಂದ ತರಬೇತಿ ರೂಪಿಸುವ ಐದು ಹಂತಗಳ ಕ್ರಮವೊಂದನ್ನು ಬರೆಸಿಕೊಂಡಿತು: ಕೆಲಸದ ವಿಶ್ಲೇಷಣೆ, ಪಾಠದ ವಿನ್ಯಾಸ, ಸಿದ್ಧತೆ, ಬೋಧನೆ, ನಿಯಂತ್ರಣ. ಇಂದು ಕಂಪನಿಗಳಲ್ಲೂ ಕಾಲೇಜುಗಳಲ್ಲೂ ಆಧುನಿಕ ಬೋಧನಾ ವಿನ್ಯಾಸವೆಂದು ಹೇಳಿಕೊಡುವುದಕ್ಕೆ ಬೇರು ಅಲ್ಲಿದೆ. ಅಲ್ಲಿನ ಸೇನೆ ಮುಂದೆ ಇದೇ ಕ್ರಮಕ್ಕೆ ತಂತ್ರಾಂಶಗಳನ್ನೂ ಮಾಡಿಕೊಂಡಿತು. ಬೇರೆ ಬೇರೆ ತಂತ್ರಾಂಶಗಳ ನಡುವೆ ಪಾಠಗಳು ಸಾಗಲು ನೆರವಾಗುವ ‘ಸ್ಕಾರ್ಮ್’ ಎಂಬ ಮಾನದಂಡ ಹುಟ್ಟಿದ್ದೂ ಅಲ್ಲಿನ ರಕ್ಷಣಾ ಇಲಾಖೆ 1997ರಲ್ಲಿ ಆರಂಭಿಸಿದ ಯೋಜನೆಯಿಂದ. ನಾವು ಅವರದನ್ನು ಕೊಂಡು ತರಬೇಕಿಲ್ಲ. ಶಾಲಾ ಶಿಕ್ಷಕರ ‘ದೀಕ್ಷಾ’ ವೇದಿಕೆಗೆ ಆಧಾರವಾದ ‘ಸನ್‌ಬರ್ಡ್’ ಮುಕ್ತ ತಂತ್ರಾಂಶ ಬೆಂಗಳೂರಿನ ಎಕ್‌ಸ್ಟೆಪ್ ಫೌಂಡೇಶನ್ನಿನ ಕೆಲಸ. ಸರ್ಕಾರಿ ನೌಕರರ ಕರ್ಮಯೋಗಿ ವೇದಿಕೆಯೂ ಅದರ ಮೇಲೆಯೇ ನಿಂತಿದೆ. ಇವು ಮುಖ್ಯವಾಗಿ ಪಾಠವನ್ನು ತಲುಪಿಸುವ ವ್ಯವಸ್ಥೆಗಳು, ಸೈನಿಕ ಪಠ್ಯಕ್ರಮ ಕಟ್ಟಲು ಮಾಡಿದವಲ್ಲ. ಆದರೆ ಇಂಥದ್ದನ್ನು ಕಟ್ಟಬಲ್ಲ ಕೈಗಳು ಈ ದೇಶದಲ್ಲೇ ಇವೆ ಎನ್ನಲು ಇಷ್ಟು ಸಾಕು.

ಈಗಲೇ ಏಕೆ ಎಂದು ತಾವು ಕೇಳಬಹುದು. 2022ರ ಜೂನ್ 14ರಂದು ತಾವೇ ಘೋಷಿಸಿದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ತರಬೇತಿಯೂ ಅದರೊಳಗೇ. ಮೊದಲೆಲ್ಲ ಕೇಂದ್ರದಲ್ಲಿ ಬಿಟ್ಟುಹೋದದ್ದನ್ನು ಯೂನಿಟ್ಟಿನಲ್ಲಿ ಹದಿನೈದು ವರ್ಷ ಕಲಿಸಿಕೊಳ್ಳುವ ಅವಕಾಶವಿತ್ತು. ಈಗ ಹಾಳಾಗುವ ಒಂದು ವಾರವೂ ದುಬಾರಿ. ಕಾಯಂ ಆಗುವವರು ಗರಿಷ್ಠ ಶೇ 25, ಉಳಿದವರು ಊರಿಗೆ. ಸೇವೆಯಲ್ಲಿ ಪಡೆದ ಕೌಶಲ ತರಬೇತಿಗೆ ಇಗ್ನೊ ಪದವಿಯ ಶೇ 50ರಷ್ಟು ಕ್ರೆಡಿಟ್ ಸಿಗುತ್ತದೆಂದು ಸರ್ಕಾರ ಆ ದಿನಗಳಲ್ಲೇ ಭರವಸೆ ಕೊಟ್ಟಿತ್ತು. ಯಾವ ಹುಡುಗ ಯಾವ ಪಾಠವನ್ನು ಎಷ್ಟು ಗಂಟೆ ಕಲಿತ, ಯಾವ ಮಟ್ಟಕ್ಕೆ ಮುಟ್ಟಿದ ಎಂಬ ದಾಖಲೆ ಪಾಠಕ್ಕೇ ಅಂಟಿಕೊಂಡಿರದೆ ಹೋದರೆ ಆ ಕ್ರೆಡಿಟ್ಟಿಗೆ ಆಧಾರವೇನು? 2023ರ ಜನವರಿಯ ಹೊತ್ತಿಗೆ ತರಬೇತಿಗೆ ಸೇರಿದ ಮೊದಲ ತಂಡಗಳ ನಾಲ್ಕು ವರ್ಷ 2027ರ ಆರಂಭಕ್ಕೆ ತುಂಬುತ್ತದೆ.

ತಂತ್ರಾಂಶ ತಂದರೂ ಕೆಡುವ ದಾರಿಗಳಿವೆ. ಉಸ್ತಾದರನ್ನು ಕೇಳದೆ ಮಾಡಿದ ತಂತ್ರಾಂಶ ನಮೂನೆ ತುಂಬುವ ಯಂತ್ರವಾಗುತ್ತದೆ. ಹವಾಲ್ದಾರನೊಬ್ಬ ಬೆಳಗಿನ ಪಿಟಿ ಮುಗಿಸಿ, ಹಗಲೆಲ್ಲ ಮೈದಾನದಲ್ಲಿದ್ದು, ರಾತ್ರಿ ಕೂತು ನಲವತ್ತು ಖಾನೆಗಳನ್ನು ತುಂಬಬೇಕೆಂದರೆ ಅವನು ಹೋದ ವಾರದ್ದನ್ನೇ ನಕಲಿಸಿ ಅಂಟಿಸುತ್ತಾನೆ. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಇಂಗ್ಲಿಷಿನಲ್ಲಿ ಮಾತ್ರ ಇದ್ದರೂ ಪ್ರಯೋಜನವಿಲ್ಲ. ಪಾಠ ನಡೆಯುವುದು ಹಿಂದಿಯಲ್ಲಿ, ಹಾವೇರಿಯ ಹುಡುಗ ಮೊದಲ ಕೆಲವು ವಾರ ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ. ಪಾಠದ ಜೊತೆಗೆ ಮುಖ್ಯ ಪದಗಳು ಅವನ ಭಾಷೆಯಲ್ಲೂ ಇರಲಿ, ಆದರೆ ಯಂತ್ರಾನುವಾದವನ್ನು ಉಸ್ತಾದನೊಬ್ಬ ನೋಡಿ ಸಹಿ ಹಾಕದೆ ಫೈರಿಂಗ್ ರೇಂಜಿಗೆ ಬಿಡಬಾರದು. ಸುರಕ್ಷತೆಯ ಆದೇಶದಲ್ಲಿ ಒಂದು ಕ್ರಿಯಾಪದ ತಿರುವುಮುರುವಾದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಗೋಪ್ಯತೆಯ ಬಗ್ಗೆಯೂ ಒಂದು ಮಾತು. ಕವಾಯತಿನ ಪಾಠದಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಇರುವುದು ಎಲ್ಲ ಕೇಂದ್ರಗಳ ಫಲಿತಾಂಶಗಳನ್ನು ಒಟ್ಟು ಹಾಕಿದಾಗ ಕಾಣುವ ಚಿತ್ರದಲ್ಲಿ. ಯಾರಿಗೆ ಏನು ಬರುವುದಿಲ್ಲ ಎಂಬ ಪಟ್ಟಿ ಶತ್ರುವಿಗೆ ಸಿಗಬಾರದ ಪಟ್ಟಿ. ಆದ್ದರಿಂದ ಸರ್ವರ್ ಸೇನೆಯದೇ ಇರಬೇಕು, ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಸೇನೆಯ ಕೈಯಲ್ಲಿರಬೇಕು, ಗುತ್ತಿಗೆ ಮುಗಿದ ದಿನ ಪಾಠಗಳನ್ನು ಮುಕ್ತ ಮಾನದಂಡದಲ್ಲಿ ಹೊರತೆಗೆಯಲು ಬರಬೇಕು.

ಮಾನ್ಯ ಸಚಿವರೇ, ಒಮ್ಮೆಲೇ ದೇಶಕ್ಕೆಲ್ಲ ಹೊದಿಸುವ ಟೆಂಡರ್ ಕರೆಯಬೇಡಿ. ಶಿಮ್ಲಾದ ಸೇನಾ ತರಬೇತಿ ಕಮಾಂಡಿನ ಉಸ್ತುವಾರಿಯಲ್ಲಿ, ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಒಂದೇ ಕೇಂದ್ರದಲ್ಲಿ, ಎಕೆ–203ರ ಪಾಠಗಳನ್ನಷ್ಟೇ ತೆಗೆದುಕೊಂಡು ಎರಡು ತಂಡಗಳ ಮಟ್ಟಿಗೆ ನಡೆಸಿ ನೋಡಿ. ಖರೀದಿ ಸಮಿತಿಯಲ್ಲಿ ಈಗ ಪಾಠ ಹೇಳುತ್ತಿರುವ ಇಬ್ಬರು ಹವಾಲ್ದಾರರಿಗೆ ಜಾಗ ಕೊಡಿ. ತಂತ್ರಾಂಶ ಕೆಲಸಕ್ಕೆ ಬರುವುದಿಲ್ಲವೆಂದು ಅವರು ಹೇಳಿದರೆ ಅದನ್ನು ಕಡತದಲ್ಲಿ ಬರೆದುಕೊಳ್ಳುವಂತೆ ಆದೇಶಿಸಿ. ಕರ್ನಾಟಕದ ಸಂಸದರಲ್ಲಿ ಯಾರಾದರೊಬ್ಬರು ಈ ಬಗ್ಗೆ ಪ್ರಶ್ನೆ ಎತ್ತಿದಾಗ, ಅದಕ್ಕೆ ಒಂದು ದಿನಾಂಕವಿರುವ ಉತ್ತರವನ್ನು ತಮ್ಮಿಂದ ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡ ಜಿಲ್ಲೆಯ ಒಬ್ಬ ನಿವೃತ್ತ ಸುಬೇದಾರ್