ಅಡಿಕೆ ಮನೆಯವರೆಗೆ ಒಂದು ಗಾಜಿನ ಎಳೆ

ಕ್ಯಾರಿ, ನಾರ್ತ್ ಕೆರೊಲಿನಾ
ಫೆಬ್ರವರಿ 11

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನಿಮ್ಮ ಹಾಗೂ ಅಮ್ಮನ ಆರೋಗ್ಯದ ವಿಚಾರವನ್ನು ಆಗಾಗ ತಿಳಿಸುತ್ತಿರಿ.

ಹೊಸ ಮನೆಯ ನಕ್ಷೆ ತಲುಪಿತು. ಅಂಗಳದಾಚೆ ಕಟ್ಟಿಸುತ್ತಿರುವ ಅಡಿಕೆ ಬೇಯಿಸುವ ಮನೆಯ ಮಾಳಿಗೆಯಲ್ಲಿ ತಮ್ಮ ತನ್ನ ಕಚೇರಿ ಕೆಲಸಕ್ಕೊಂದು ಕೋಣೆ ಮಾಡಿಕೊಳ್ಳುತ್ತಿರುವುದು ನನಗೆ ಬಹಳ ಹಿಡಿಸಿತು. ಆದರೆ ವೈರಿಂಗ್ ಮಾಡುವವರು, ಇಂಟರ್ನೆಟ್ಟಿನ ನೀಲಿ ಕೇಬಲ್ಲನ್ನು ಕರೆಂಟಿನ ತಂತಿಯ ಜೊತೆಗೇ ಅಂಗಳದ ಮೇಲಿನಿಂದ ಎಳೆದುಬಿಡೋಣ ಎಂದಿದ್ದಾರೆಂದು ಓದಿ ಗಾಬರಿಯಾಯಿತು. ಫೋನಿನಲ್ಲಿ ಹೇಳಿದ ಮಾತು ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಪತ್ರವಾದರೆ ಮೇಸ್ತ್ರಿಯ ಮುಂದೆ ಹಿಡಿಯಬಹುದೆಂದು ಬರೆಯುತ್ತಿದ್ದೇನೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ.

ಇದೇ ತಪ್ಪನ್ನು ನಾನು ಇಲ್ಲಿ ಮಾಡಿ ಅನುಭವಿಸಿದ್ದೇನೆ. ಈ ಮನೆಯ ಹಿಂದೆ, ಸುಮಾರು 30 ಮೀಟರ್ ದೂರದಲ್ಲಿ, ಕಾರು ನಿಲ್ಲಿಸುವ ಬೇರೆ ಕಟ್ಟಡವಿದೆ. ಅದರ ಅರ್ಧಭಾಗ ಇವರ ಮರಗೆಲಸದ ಜಾಗ. ಮನೆಗೆ ಬಂದ ಹೊಸದರಲ್ಲಿ ಅಲ್ಲಿಯವರೆಗೆ ಮಾಮೂಲಿ ತಾಮ್ರದ ಕೇಬಲ್ ಎಳೆಸಿದ್ದೆ. ಹತ್ತು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಜುಲೈ ತಿಂಗಳ ಒಂದು ಸಂಜೆ ಪಕ್ಕದ ಪೈನ್ ಮರಗಳ ಕಡೆ ಸಿಡಿಲು ಬಡಿಯಿತು. ನಮ್ಮ ಮನೆಗೆ ಬಡಿಯಲಿಲ್ಲ, ಕರೆಂಟೂ ಹೋಗಲಿಲ್ಲ. ಆದರೆ ಇಂಟರ್ನೆಟ್ ಕೇಬಲ್ಲುಗಳನ್ನು ಒಂದೆಡೆ ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆ ಇಟ್ಟಿದ್ದ ಕಪಾಟಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ತೆರೆದು ನೋಡಿದರೆ ಎಂಟು ಕಿಂಡಿಗಳ ಪೈಕಿ ಹಿಂದಿನ ಕಟ್ಟಡಕ್ಕೆ ಹೋಗುವ ಒಂದು ಕಿಂಡಿಯ ಸುತ್ತ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪಾಗಿತ್ತು. ಸ್ವಿಚ್ಚು, ರೂಟರು, ಆ ಕಡೆಯ ಕ್ಯಾಮೆರಾ ಮೂರೂ ಒಂದೇ ಏಟಿಗೆ ಹೋದವು.

ಕಾರಣವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾವು ಚಿಕ್ಕವರಿದ್ದಾಗ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದ ಕೂಡಲೇ ನೀವು ಲ್ಯಾಂಡ್‌ಲೈನ್ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತು ಕುರ್ಚಿಯ ಮೇಲೆ ಇಡುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇದೂ ಅದೇ ಕಥೆ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಅರ್ಥಿಂಗ್ ಇರುವಾಗ, ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಆ ಎರಡು ಜಾಗಗಳ ನೆಲದ ನಡುವೆ ಕ್ಷಣಮಾತ್ರ ಸಾವಿರಾರು ವೋಲ್ಟುಗಳ ವ್ಯತ್ಯಾಸ ಉಂಟಾಗಬಹುದು. ಎರಡನ್ನೂ ಜೋಡಿಸಿದ ತಾಮ್ರದ ಎಳೆ ಇದ್ದರೆ ಅದು ಆ ದಾರಿಯಲ್ಲೇ ನುಗ್ಗುತ್ತದೆ. ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿ, ನಮ್ಮದು 85 ಆಗುತ್ತದಲ್ಲ ಎಂದು ತಮ್ಮ ಬರೆದಿದ್ದಾನೆ. ಅವನ ಲೆಕ್ಕ ಸರಿಯೇ. ಆದರೆ ಇಲ್ಲಿನ ಪ್ರಶ್ನೆ ದೂರದ್ದಲ್ಲ, ಮಲೆನಾಡಿನ ಸಿಡಿಲಿನದು.

ಆದ್ದರಿಂದ ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿಸಿ. ಅದು ಗಾಜು, ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಸಿಂಗಲ್ ಮೋಡ್ ಎಂಬ ಜಾತಿಯದನ್ನೇ ಕೇಳಿ. ಮನೆಮನೆಗೆ ಇಂಟರ್ನೆಟ್ ತರುವ ಫೈಬರ್ ಕೂಡ ಅದೇ ಜಾತಿಯದಾದ್ದರಿಂದ, ನಿಮ್ಮ ಊರಿನ ಕೇಬಲ್ ಹುಡುಗರ ಹತ್ತಿರ ಅದನ್ನು ಬೆಸೆಯುವ ಯಂತ್ರವೂ ಇರುತ್ತದೆ, ಕೈಯೂ ಪಳಗಿರುತ್ತದೆ. ಆದರೆ ಅವರು ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನಲ್ಲಿ ಭಾರ ತಡೆಯಲೆಂದು ಉಕ್ಕಿನ ತಂತಿ ಇರುವುದುಂಟು. ಅದನ್ನೇ ಹಾಕಿದರೆ ಲೋಹವನ್ನು ಬಾಗಿಲಿನಿಂದ ಹೊರಗಟ್ಟಿ ಕಿಟಕಿಯಿಂದ ಒಳಗೆ ಕರೆದಂತಾಗುತ್ತದೆ. ಲೋಹವೇ ಇಲ್ಲದ, ನೆಲದಡಿಗೆಂದೇ ಮಾಡಿದ, ನಾಲ್ಕು ಎಳೆಗಳ ಕೇಬಲ್ ಬೇಕೆಂದು ಹೇಳಿ. ಕೆಲಸಕ್ಕೆ ಒಂದೋ ಎರಡೋ ಎಳೆ ಸಾಕು. ಉಳಿದವು ಮುಂದಿನ ಕಾಲಕ್ಕೆ ಇರಲಿ. ಎರಡೂ ತುದಿಗಳಲ್ಲಿ ಬೆಳಕನ್ನು ಮತ್ತೆ ಮಾಮೂಲಿ ಕೇಬಲ್ಲಿಗೆ ತರುವ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಪೆಟ್ಟಿಗೆ ಬೇಕು; ಒಂದಕ್ಕೊಂದು ಹೊಂದುವ ಜೋಡಿಯನ್ನೇ ಕೊಳ್ಳಬೇಕು.

ತಮ್ಮ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಫೈಬರಿನ ತುದಿಗೆ ಹಾಕುವ ಹಸಿರು ಕೊಂಡಿ ಮತ್ತು ನೀಲಿ ಕೊಂಡಿ ನೋಡಲು ಒಂದೇ ರೀತಿ ಇರುತ್ತವೆ, ಒಂದರೊಳಗೊಂದು ಕೂರುತ್ತವೆ ಕೂಡ. ಆದರೆ ಹಸಿರಿನ ಗಾಜಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಓರೆಯಿಲ್ಲದ ಮುಖ. ಎರಡನ್ನೂ ಕೂಡಿಸಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಇಂಟರ್ನೆಟ್ ಕೊಡುವವರ ಪೆಟ್ಟಿಗೆಗೆ ಸಾಮಾನ್ಯವಾಗಿ ಹಸಿರು, ಕನ್ವರ್ಟರಿಗೆ ಸಾಮಾನ್ಯವಾಗಿ ನೀಲಿ. ಆ ತುದಿಗೆ ಕಣ್ಣಿಟ್ಟು ನೋಡುವ ಕುತೂಹಲ ಮಾತ್ರ ಬೇಡ. ಅಲ್ಲಿನ ಬೆಳಕು ಕಾಣುವುದಿಲ್ಲವಾದರೂ ಅದು ಲೇಸರ್.

ಗುಂಡಿಯ ವಿಷಯ. ಅಡಿಕೆ ತುಂಬಿದ ಪಿಕಪ್ ಅಂಗಳದಲ್ಲಿ ಓಡಾಡುವುದರಿಂದ ಮೂರು ಅಡಿ ಆಳವಿರಲಿ. ನೀವು ತೋಟಕ್ಕೆ ತರುವಂಥದೇ ಕಪ್ಪು ಎಚ್‌ಡಿಪಿಇ ಪೈಪನ್ನು, 40 ಮಿಲಿಮೀಟರಿನದು, ನಡುವೆ ಜಾಯಿಂಟ್ ಬಾರದಂತೆ ಒಂದೇ ಸುರುಳಿಯಲ್ಲಿ ತರಿಸಿ. ಕರೆಂಟಿಗೆ ಬೇರೆ ಪೈಪು, ಎರಡರ ನಡುವೆ ಒಂದಡಿ ಅಂತರ. ಕೇಬಲ್ಲಿನ ಜೊತೆಗೆ ಒಂದು ನೈಲಾನ್ ಹಗ್ಗವೂ ಒಳಗಿರಲಿ. ಮುಂದೊಮ್ಮೆ ಇನ್ನೊಂದು ಎಳೆಯಬೇಕಾದರೆ ಅದೇ ಆಧಾರ. ತಿರುವುಗಳಲ್ಲಿ ಮೊಳಕೈಯಂತೆ ಮುರಿಯುವ ಬೆಂಡ್ ಹಾಕದೆ ಪೈಪನ್ನೇ ದೊಡ್ಡದಾಗಿ ಬಳಸಿ ತನ್ನಿ. ಎರಡೂ ಬಾಯಿಗಳನ್ನು ಭದ್ರವಾಗಿ ಮುಚ್ಚದಿದ್ದರೆ ಮೊದಲ ಮಳೆಗಾಲದಲ್ಲೇ ಇಲಿಗಳು ಗೃಹಪ್ರವೇಶ ಮಾಡುತ್ತವೆ. ಕರೆಂಟು ಹೇಗೂ ತಾಮ್ರದಲ್ಲೋ ಅಲ್ಯೂಮಿನಿಯಮ್ಮಿನಲ್ಲೋ ಬರಲೇಬೇಕಾದ್ದರಿಂದ, ಎರಡೂ ಕಟ್ಟಡಗಳ ಮೇನ್ ಬೋರ್ಡಿಗೆ ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ಹೆಚ್ಚಿನ ವೋಲ್ಟೇಜ್, ತಡೆಯುವ ಸಾಧನ ಹಾಕಿಸುವುದನ್ನು ಮರೆಯಬೇಡಿ.

ಇಲ್ಲಿ ಫೈಬರಿಗೆಂದು ಎರಡನೆಯ ಸಲ ಗುಂಡಿ ತೋಡುವ ಮೊದಲು, ನೆಲದಡಿಯ ತಂತಿ, ಪೈಪುಗಳನ್ನು ಗುರುತಿಸಿಕೊಡುವ 811ಕ್ಕೆ ನಿಯಮದಂತೆ ಫೋನ್ ಮಾಡಿದೆ. ಅವರ ಕಡೆಯವರು ಬಂದು ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ, ಟೆಲಿಫೋನಿಗೆ ಕಿತ್ತಳೆ ಬಣ್ಣದ ಪುಟ್ಟ ಬಾವುಟಗಳನ್ನು ಹುಲ್ಲಿನಲ್ಲಿ ಚುಚ್ಚಿಹೋದರು. ಹಿತ್ತಿಲು ತೇರಿನ ದಿನದ ಬೀದಿಯಂತೆ ಕಾಣುತ್ತಿತ್ತು. ನಮ್ಮ ಅಂಗಳದಲ್ಲಿ ಬಾವಿಯ ಪೈಪು ಎಲ್ಲಿ ಹಾದಿದೆಯೆಂದು ಬಲ್ಲವರು ನೀವೊಬ್ಬರೇ ಅಲ್ಲವೇ? ಅಗೆಯುವವರು ಬರುವ ಮುಂಚೆ ನೀವೇ ಸುಣ್ಣದಲ್ಲಿ ಗೆರೆ ಎಳೆದುಬಿಡಿ.

ಗುಂಡಿಯೇ ಬೇಡ, ವೈಫೈ ಡಿಶ್ ಎರಡು ಇಟ್ಟರಾಯಿತು ಎಂದು ಯಾರಾದರೂ ಹೇಳಿಯಾರು. ನಡುವೆ ಆ ಹಲಸಿನ ಮರವಿದೆ; ಒದ್ದೆ ಎಲೆಗಳು ಆ ಅಲೆಗಳನ್ನು ನುಂಗುತ್ತವೆ, ಮತ್ತು ನಮ್ಮಲ್ಲಿ ಎಲೆ ಒಣಗಿರುವ ತಿಂಗಳುಗಳು ಎಷ್ಟು?

ಮನೆಯೊಳಗಿನ ಮಾತು ಸರಳ. ಜಂಬಿಟ್ಟಿಗೆ ಗೋಡೆಗಳನ್ನು ದಾಟುವಷ್ಟರಲ್ಲಿ ವೈಫೈ ಬಡವಾಗುವುದರಿಂದ, ಕೆಳಗಿನ ಜಗಲಿಯ ಸೂರಿಗೊಂದು, ಮೇಲಿನ ಹಾಲಿಗೊಂದು ವೈಫೈ ಪೆಟ್ಟಿಗೆ ಬೇಕು. ಅವುಗಳಿಗೆ ಒಂದೇ ಕೇಬಲ್ಲಿನಲ್ಲಿ ಕರೆಂಟೂ ಇಂಟರ್ನೆಟ್ಟೂ ಹೋಗುತ್ತವೆ. ಸೆಂಟ್ರಿಂಗ್ ಮೇಲೆ ಕಬ್ಬಿಣ ಕಟ್ಟಿದ ನಂತರ, ಮೋಲ್ಡ್ ಹಾಕುವ ಮೊದಲು ಈ ಕೇಬಲ್ಲುಗಳ ಪೈಪುಗಳು ಕೂರಬೇಕು. ಪ್ರತಿ ಕೋಣೆಯ ಕೇಬಲ್ಲೂ ಮೆಟ್ಟಿಲಿನಡಿಯ ಇನ್ವರ್ಟರ್ ಪಕ್ಕಕ್ಕೆ ನೇರವಾಗಿ ಬರಲಿ, ಕೋಣೆಯಿಂದ ಕೋಣೆಗೆ ಹಾರ ಕಟ್ಟಿದಂತೆ ಬೇಡ. ಅಡಿಕೆ ಮನೆಯ ಪೆಟ್ಟಿಗೆಯನ್ನು ಹಂಡೆಯ ಹಬೆ ಏರದ ಗೋಡೆಗೆ ಹಾಕಿಸಿ. ಮನೆಯೊಳಗಿನ ತಾಮ್ರದ ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಎಷ್ಟೇ ಅಗ್ಗವಾದರೂ ಅಂಗಡಿಯಲ್ಲೇ ಬಿಟ್ಟುಬನ್ನಿ.

ಮನೆಯ ಮೆಟ್ಟಿಲಿನಡಿಯಿಂದ ಅಡಿಕೆ ಮನೆಯ ಮಾಳಿಗೆಯವರೆಗೆ ಟೇಪ್ ಹಿಡಿದು, ಗೋಡೆ ಹತ್ತಿಳಿಯುವುದನ್ನೂ ಸೇರಿಸಿ, ಅಳತೆಯನ್ನು ತಮ್ಮ ಈ ವಾರವೇ ಕಳಿಸಲಿ. ಮೋಲ್ಡ್ ಹಾಕುವ ದಿನ ನಿಶ್ಚಯವಾಗುವ ಮುಂಚೆ ನಕ್ಷೆಯ ಮೇಲೆ ಪೈಪುಗಳನ್ನು ಗುರುತಿಸಿ ಕಳಿಸುತ್ತೇನೆ. ಗುಂಡಿ ಮುಚ್ಚುವ ಮೊದಲು ಅದರ ಪಕ್ಕದಲ್ಲಿ ಟೇಪ್ ಬಿಚ್ಚಿಟ್ಟು ನಾಲ್ಕು ಫೋಟೋ ತೆಗೆಸಿಡಿ.

ಅಮ್ಮನಿಗೆ ನನ್ನ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇತಿ,
ನಿಮ್ಮ ಮಗಳು