ಬಾರ್ಬಡೋಸ್ ಕಡಲಿಗೆ ಇಳಿಯುವ ಮುನ್ನ: ಮಗಳಿಗೊಂದು ಪತ್ರ

ಚಿರಂಜೀವಿ ಮಾನಸಳಿಗೆ ಅಪ್ಪನ ಆಶೀರ್ವಾದಗಳು.

ಪರೀಕ್ಷೆ ಮುಗಿದ ಮೇಲೆ ಸಹಪಾಠಿಗಳೊಡನೆ ದ್ವೀಪದ ಪೂರ್ವ ಮಗ್ಗುಲಿನ ಬಾಥ್‌ಶೀಬಾ ತೀರಕ್ಕೆ ಈಜಲು ಹೋಗುವ ಆಲೋಚನೆಯಿದೆ ಎಂದು ಬರೆದಿದ್ದೀಯೆ. ಹೋಗಬೇಡ ಎನ್ನುವುದಿಲ್ಲ. ಅಲ್ಲಿನ ದೊಡ್ಡ ಬಂಡೆಗಳನ್ನೂ ಸರ್ಫಿಂಗ್ ಮಾಡುವವರನ್ನೂ ನೋಡಿಕೊಂಡು ಬಾ. ಈಜುವುದಕ್ಕೆ ಮಾತ್ರ ದ್ವೀಪದ ಇನ್ನೊಂದು ಮಗ್ಗುಲನ್ನು ಆರಿಸಿಕೊ.

ಬಾರ್ಬಡೋಸ್ ಕೆರಿಬಿಯನ್ ದ್ವೀಪಮಾಲೆಯಿಂದ ಪೂರ್ವಕ್ಕೆ ಸರಿದು ನಿಂತಿರುವುದರಿಂದ, ವಾಣಿಜ್ಯ ಮಾರುತಗಳು ಅಟ್ಲಾಂಟಿಕ್‌ನುದ್ದಕ್ಕೂ ಎಬ್ಬಿಸಿದ ಅಲೆಗಳು ತಡೆಯಿಲ್ಲದೆ ಬಂದು ಪೂರ್ವ ತೀರಕ್ಕೆ ಅಪ್ಪಳಿಸುತ್ತವೆ. ಅಲ್ಲಿನ ಸೆಳೆತ ಬಹಳ ಬಲವಾದದ್ದು. ಊರಿನವರೇ ಅಲ್ಲಿ ಈಜುವ ಬದಲು, ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಲ್ಲುವ ನೀರಿನಲ್ಲಿ ಕುಳಿತು ಮೀಯುತ್ತಾರೆ. ಈಜುಕೊಳದಲ್ಲಿ ಕಲಿತ ಈಜು ಸೆಳೆತವಿರುವ ಕಡಲಿಗೆ ಸಾಲದು. ಎಲ್ಲಿಯಾದರೂ ಸೆಳೆತಕ್ಕೆ ಸಿಕ್ಕಿದರೆ ದಡದತ್ತ ನೇರವಾಗಿ ಈಜಿ ದಣಿಯಬೇಡ. ಮೊದಲು ತೇಲಿಕೊಂಡಿರು, ಆಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು ಅಲೆಗಳೊಡನೆ ದಡ ಸೇರು.

ಹೊಸದಾಗಿ ಕಡಲಿಗಿಳಿಯುವವರಿಗೆ ನೈಋತ್ಯ ತೀರದಲ್ಲಿ ರಾಜಧಾನಿ ಬ್ರಿಜ್‌ಟೌನ್ ಪಕ್ಕದಲ್ಲಿರುವ ಕಾರ್ಲೈಲ್ ಕೊಲ್ಲಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಕಡಲಾಮೆಗಳು ಕಾಣಸಿಗುತ್ತವೆ, ಮುಳುಗಿದ ಹಡಗುಗಳ ಮೇಲೆ ಹವಳ ಬೆಳೆದಿದೆ. ಅವುಗಳಲ್ಲಿ 1919ರಲ್ಲಿ ಮುಳುಗಿದ ಬರ್ವಿನ್ ಸ್ನಾರ್ಕೆಲಿಂಗ್ (ಉಸಿರುಕೊಳವೆ ಕಚ್ಚಿಕೊಂಡು ಮುಖ ಕೆಳಗೆ ಮಾಡಿ ತೇಲುವುದು) ಮಾಡುವವರಿಗೂ ಕಾಣುವಷ್ಟು ಮೇಲಿದೆ. ಲೈಫ್ ಜಾಕೆಟ್ ತೊಟ್ಟೇ ಇಳಿ. ಆಮೆಗಳನ್ನು ಮುಟ್ಟಬೇಡ, ಹವಳದ ಮೇಲೆ ಕಾಲಿಡಬೇಡ. ಜೆಟ್ ಸ್ಕೀಗಳು ಓಡಾಡುವ ಕಡೆ ಈಜುವುದು ಅಲೆಗಿಂತಲೂ ಅಪಾಯಕಾರಿ. ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ವಿಹಾರಗಳಲ್ಲಿ ರಮ್ ಪಂಚ್ ಕೊಡುವುದು ಅಲ್ಲಿನ ವಾಡಿಕೆ. ಕುಡಿದ ಗೆಳೆಯರನ್ನು ನೀರಿಗಿಳಿಯಲು ಬಿಡಬೇಡ. ಪಶ್ಚಿಮ ತೀರವೂ ಸದಾ ಶಾಂತವೆಂದುಕೊಳ್ಳಬಾರದು, ಚಳಿಗಾಲದಲ್ಲಿ ಉತ್ತರದಿಂದ ಬರುವ ದೊಡ್ಡ ಅಲೆಗಳು ಅಲ್ಲಿಗೂ ತಲುಪುತ್ತವೆ. ಆದ್ದರಿಂದ ಕೆಂಪು ಬಾವುಟ ಹಾರುತ್ತಿದ್ದರೆ ಹಿಂದಿರುಗಿ ಬಾ, ಲೈಫ್ ಗಾರ್ಡ್ ಇರುವ ಹೊತ್ತಿನಲ್ಲೇ ಈಜು.

ತೀರದ ಮಾಂಚಿನೀಲ್ ಮರದ ವಿಷಯ ವೈದ್ಯಕೀಯ ಓದುವ ನಿನಗೆ ತಿಳಿದಿರಬಹುದು, ಜೊತೆಯವರಿಗೂ ಹೇಳು. ಅದರ ಹಣ್ಣು ಪುಟ್ಟ ಹಸಿರು ಸೇಬಿನಂತಿದ್ದು ಕಚ್ಚಿದರೆ ಬಾಯಿ, ಗಂಟಲು ಸುಟ್ಟು ಊದಿಕೊಳ್ಳುತ್ತವೆ. ಮರದ ಹಾಲು ತಗುಲಿದ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಎಲೆಗಳಿಂದ ತೊಟ್ಟಿಕ್ಕುವ ನೀರೂ ಚರ್ಮ ಸುಡುವುದರಿಂದ, ಅದರ ಕೆಳಗೆ ಆಶ್ರಯಕ್ಕೆ ನಿಲ್ಲಲೇಬಾರದು. ಕೆಲವು ಮರಗಳ ಕಾಂಡಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ. ಎಲ್ಲಕ್ಕೂ ಬಳಿದಿರುತ್ತಾರೆಂದು ನಂಬಬೇಡ.

ಬ್ರಿಜ್‌ಟೌನ್ ನಮ್ಮ ಬೆಂಗಳೂರಿನಂತೆಯೇ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದರೆ ಮುಖ ಕೆಳಗೆ ಮಾಡಿ ತೇಲುವಾಗ ಬಿಸಿಲು ಬೆನ್ನನ್ನು ಸುಡುವುದು ತಿಳಿಯುವುದೇ ಇಲ್ಲ. ತುಂಬುತೋಳಿನ ಈಜುಡುಗೆ ತೊಡು. ಹಾಗೆಯೇ, ನಿನ್ನ ತಮ್ಮ ಕಳಿಸಿದ ಮಿಲಿಟರಿ ಕ್ಯಾಮಫ್ಲಾಜ್ (ಹಸಿರು-ಕಂದು ಮಚ್ಚೆಗಳ) ಮಾದರಿಯ ಟೋಪಿಯನ್ನು ಪೆಟ್ಟಿಗೆಯಲ್ಲೇ ಇಡು, ಆ ದೇಶದಲ್ಲಿ ಅಂಥ ಬಟ್ಟೆಯನ್ನು ನಾಗರಿಕರು ಧರಿಸುವುದು ಕಾನೂನುಬಾಹಿರ.

ಯಾವ ತೀರಕ್ಕೆ, ಯಾರೊಡನೆ, ಎಷ್ಟು ಹೊತ್ತಿಗೆ ಎಂಬುದನ್ನು ಹೊರಡುವ ಮುನ್ನ ಅಮ್ಮನಿಗೆ ತಿಳಿಸು. ನಿನ್ನ ಬೆಳಿಗ್ಗೆ ಇಲ್ಲಿ ಸಂಜೆಯಾಗಿರುತ್ತದೆ, ನಾವು ಎದ್ದೇ ಇರುತ್ತೇವೆ.

ಇತಿ,
ನಿನ್ನ ಅಪ್ಪ