ಜೆಡ್ ಎಫ್‌ಗೆ ಗ್ರಿಪ್, ಲೆನ್ಸ್: ತಗೊಳ್ಳುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ನಿಕಾನ್ ಜೆಡ್ ಎಫ್ ಕ್ಯಾಮೆರಾಗೆ ಗ್ರಿಪ್ (ಹೊರಗಿನಿಂದ ಜೋಡಿಸುವ ಹಿಡಿ) ಬೇಕಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಅದು ನೀವು ಹಾಕುವ ಲೆನ್ಸ್ ಎಷ್ಟು ಭಾರ ಅನ್ನೋದರ ಮೇಲಿದೆ.

ಬ್ಯಾಟರಿ, ಕಾರ್ಡ್ ಸೇರಿ ಬಾಡಿಯೇ ಸುಮಾರು 710 ಗ್ರಾಂ. ಮುಂಭಾಗ ಚಪ್ಪಟೆ, ಬೆರಳಿಗೆ ಆಸರೆ ಕಡಿಮೆ. 40 ಎಂಎಂ ಎಫ್/2 ಲೆನ್ಸ್ ಹಾಕಿದರೆ ತೊಂದರೆಯಿಲ್ಲ, ಅದು 170 ಗ್ರಾಂ ಅಷ್ಟೇ. 24-120 ಎಂಎಂ ಜೂಮ್ ಲೆನ್ಸ್ ಹಾಕಿ ನೋಡಿ, 630 ಗ್ರಾಂ! ಕ್ಯಾಮೆರಾ ಮುಂದಕ್ಕೆ ಜಗ್ಗುತ್ತದೆ, ಉಂಗುರ ಬೆರಳು ನೋಯುತ್ತದೆ. ಆಗ ಗ್ರಿಪ್ ಬೇಕೇ ಬೇಕು.

ಗ್ರಿಪ್‌ನಲ್ಲಿ ಮೊದಲು ತಳ ನೋಡಿ. ಈ ಕ್ಯಾಮೆರಾದಲ್ಲಿ ಬ್ಯಾಟರಿ, ಕಾರ್ಡ್ ಎರಡೂ ಕೆಳಗಿನ ಮುಚ್ಚಳದೊಳಗೇ ಇವೆ. ಗ್ರಿಪ್ ಹಾಕಿದ ಮೇಲೂ ಆ ಮುಚ್ಚಳ ಪೂರ್ತಿ ತೆರೆಯಬೇಕು. ಇಲ್ಲಾಂದ್ರೆ ಕಾರ್ಡ್ ತೆಗೆಯಲು ಪ್ರತಿ ಸಲ ಸ್ಕ್ರೂ ಬಿಚ್ಚುತ್ತಾ ಕೂರಬೇಕು. ಟ್ರೈಪಾಡ್ ಬಳಸುವವರು ತಳದಲ್ಲೇ ಆರ್ಕಾ ಪ್ಲೇಟ್ (ಟ್ರೈಪಾಡ್ ತಲೆಗೆ ನೇರ ಸಿಕ್ಕಿಸುವ ಪಟ್ಟಿ) ಇರುವುದನ್ನು ತಗೊಳ್ಳಿ. ಮರದ ಹಿಡಿ ನೋಡಲು ಚಂದ, ಆದರೆ ಅಂದಕ್ಕಾಗಿ ಮಾತ್ರ ಸುಮ್ನೆ ದುಡ್ಡು ಸುರಿಯಬೇಡಿ.

ಜೆಡ್ ಎಫ್‌ಸಿ ಕ್ಯಾಮೆರಾ ಇರುವವರೇ, ನಿಮ್ಮದು ಚಿಕ್ಕ ಸೆನ್ಸರ್. 40 ಎಂಎಂ ಲೆನ್ಸ್ ಅದರಲ್ಲಿ, ಜೆಡ್ ಎಫ್‌ನಲ್ಲಿ 60 ಎಂಎಂ ಲೆನ್ಸ್ ತೋರಿಸುವಷ್ಟು ಹತ್ತಿರ ತೋರಿಸುತ್ತದೆ. ದಿನಬಳಕೆಗೆ 28 ಎಂಎಂ ವಾಸಿ.

ಗ್ರಿಪ್ ಹಾಕಿಕೊಂಡವರು ತಳದ ಫೋಟೋವನ್ನು ಮಾಡೆಲ್ ಹೆಸರಿನ ಜೊತೆ ಇಲ್ಲಿ ಹಾಕಿ.